ಕಾರಿಗೆ ಕಿಡಿ ಕೊಟ್ಟ ಕೆಟರಿಂಗ್

ಮಕ್ಕಳೇ, ಮಳೆಗಾಲದ ಒಂದು ಸಂಜೆ ನೀವು ರೇಡಿಯೋ ಹಾಕಿಕೊಂಡು ಹಾಡು ಕೇಳುತ್ತಿದ್ದೀರಿ ಎಂದುಕೊಳ್ಳಿ. ದೂರದಲ್ಲಿ ಮಿಂಚು ಹೊಳೆಯುತ್ತದೆ. ಅದೇ ಕ್ಷಣ ರೇಡಿಯೋದಲ್ಲಿ ಚಟ್ ಎಂಬ ಸದ್ದು ಬರುತ್ತದೆ. ಗುಡುಗು ಕೇಳಿಸುವುದು ಆಮೇಲೆ. ಮಿಂಚಿನ ಸುದ್ದಿಯನ್ನು ಅಷ್ಟು ಬೇಗ ರೇಡಿಯೋಗೆ ಮುಟ್ಟಿಸಿದ್ದು ಯಾವುದು?

ವಿದ್ಯುತ್ ಕಿಡಿ ಹಾರಿದಾಗಲೆಲ್ಲ ಬೆಳಕು ಮತ್ತು ಸದ್ದಿನ ಜೊತೆಗೆ ಕಣ್ಣಿಗೆ ಕಾಣದ ರೇಡಿಯೋ ತರಂಗಗಳೂ ಹೊರಡುತ್ತವೆ. ಇವು ಬೆಳಕಿನಷ್ಟೇ ವೇಗವಾಗಿ ಸಾಗುತ್ತವೆ. ಜರ್ಮನಿಯ ವಿಜ್ಞಾನಿ ಹೈನ್ರಿಕ್ ಹರ್ಟ್ಸ್ 1887-88ರಲ್ಲಿ ಪ್ರಯೋಗಾಲಯದಲ್ಲಿ ಕಿಡಿ ಹಾರಿಸಿಯೇ ಈ ತರಂಗಗಳನ್ನು ಮೊದಲಿಗೆ ಪತ್ತೆ ಮಾಡಿದರು. ಮಿಂಚು ಒಂದು ಭಾರಿ ಕಿಡಿ. ಪೆಟ್ರೋಲ್ ಕಾರಿನ ಎಂಜಿನ್ ಒಳಗೆ ಹಾರುವುದು ಪುಟ್ಟ ಕಿಡಿ. ಆದರೆ ಅದು ಒಂದು ನಿಮಿಷಕ್ಕೆ ಸಾವಿರಾರು ಸಲ ಹಾರುತ್ತದೆ. ಹೀಗಾಗಿ ಹಳೆಯ ಕಾಲದ ಕಾರುಗಳಲ್ಲಿ ರೇಡಿಯೋ ಹಾಕಿದರೆ ಹಾಡಿಗಿಂತ ಚಟಪಟ ಸದ್ದೇ ಜೋರಾಗಿ ಕೇಳುತ್ತಿತ್ತು.

ಈ ಪುಟ್ಟ ಕಿಡಿಗೆ ಒಂದು ಒಳ್ಳೆಯ ವ್ಯವಸ್ಥೆ ಮಾಡಿಕೊಟ್ಟವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರ ಕಿಡಿಯ ಮೇಲೆ ಮುಂದೆ ಎರಡು ದೂರುಗಳು ಬಂದವು. ಒಂದು ನಿಜವಾದ ದೂರು, ಇನ್ನೊಂದು ಸುಳ್ಳು ದೂರು. ಎರಡಕ್ಕೂ ಪರಿಹಾರ ಸಿಕ್ಕಿತು. ಒಂದು ಪರಿಹಾರದಿಂದ ಯಾರಿಗೂ ಕೇಡಾಗಲಿಲ್ಲ. ಇನ್ನೊಂದು ಪರಿಹಾರದ ಕೆಟ್ಟ ಫಲವನ್ನು ಜಗತ್ತಿನ ಮಕ್ಕಳು ನೂರು ವರ್ಷದಷ್ಟು ಕಾಲ ಅನುಭವಿಸಬೇಕಾಯಿತು. ಆ ಕಥೆಯನ್ನು ಈಗ ನೋಡೋಣ.

ಕಣ್ಣು ನೋಯುತ್ತಿದ್ದ ಹುಡುಗ

ಚಾರ್ಲ್ಸ್ ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು. ಅಮೆರಿಕದ ಓಹಾಯೋ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಹತ್ತಿರ ಅವರ ಮನೆ. ತಂದೆ ತಾಯಿ ರೈತರು. ಹುಡುಗನಿಗೆ ಓದಿನಲ್ಲಿ ಬಹಳ ಆಸಕ್ತಿ. ಆದರೆ ಕಣ್ಣುಗಳು ದುರ್ಬಲ. ಹೆಚ್ಚು ಹೊತ್ತು ಓದಿದರೆ ಕಣ್ಣು ನೋವು, ತಲೆನೋವು ಶುರುವಾಗುತ್ತಿತ್ತು.

ಶಾಲೆಯ ಓದು ಮುಗಿದ ಮೇಲೆ ಅವರು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರ ಕೆಲಸ! ಆಮೇಲೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದರು. ಅಲ್ಲಿಯೂ ಕಣ್ಣು ತೊಂದರೆ ಕೊಟ್ಟಿತು. ಓದನ್ನು ನಡುವೆ ನಿಲ್ಲಿಸಿ, ಟೆಲಿಫೋನ್ ಕಂಬ ನೆಡುವ, ತಂತಿ ಎಳೆಯುವ ಕೂಲಿ ಕೆಲಸಕ್ಕೆ ಸೇರಿದರು. ಬಯಲಿನ ಗಾಳಿ, ಕೈಗೆ ಕೆಲಸ, ಕಣ್ಣಿಗೆ ಬಿಡುವು. ಈ ಕೆಲಸದಲ್ಲಿ ಅವರು ತಂತಿ, ವಿದ್ಯುತ್ಕೋಶ, ಸುರುಳಿ ಇವುಗಳ ಗುಣಗಳನ್ನು ಕೈಯಾರೆ ಕಲಿತರು. ಮತ್ತೆ ವಿಶ್ವವಿದ್ಯಾಲಯಕ್ಕೆ ಬಂದಾಗ ಗೆಳೆಯರು ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಇವರು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದರು. 1904ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದಾಗ ಅವರಿಗೆ 27 ವರ್ಷ. ಜೊತೆಯವರಿಗಿಂತ ತಡವಾಯಿತು, ನಿಜ. ಆದರೆ ಓದು ನಿಲ್ಲಲಿಲ್ಲ.

ಪುಟ್ಟ ಮೋಟಾರು, ದೊಡ್ಡ ಪಾಠ

ಅದೇ ವರ್ಷ ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಅವರಿಗೆ ಕೆಲಸ ಸಿಕ್ಕಿತು. ಅಂಗಡಿಗಳಲ್ಲಿ ಹಣ ಎಣಿಸಿಡುವ ಯಂತ್ರಗಳನ್ನು ತಯಾರಿಸುವ ಕಂಪನಿ ಅದು. ಆಗ ಆ ಯಂತ್ರದ ಹಿಡಿಯನ್ನು ಪ್ರತಿ ಸಲವೂ ಕೈಯಿಂದ ತಿರುಗಿಸಬೇಕಿತ್ತು. ಕೆಟರಿಂಗ್ ಅದಕ್ಕೆ ವಿದ್ಯುತ್ ಮೋಟಾರು ಜೋಡಿಸಿದರು.

ಇಲ್ಲಿ ಅವರು ಒಂದು ಸಂಗತಿ ಕಂಡುಕೊಂಡರು. ದಿನವಿಡೀ ತಿರುಗಬೇಕಾದ ಮೋಟಾರು ದೊಡ್ಡದಾಗಿರಬೇಕು, ಇಲ್ಲವಾದರೆ ಬಿಸಿಯಾಗಿ ಸುಟ್ಟುಹೋಗುತ್ತದೆ. ಆದರೆ ಕೆಲವು ಕ್ಷಣ ಮಾತ್ರ ಕೆಲಸ ಮಾಡಿ ನಿಲ್ಲುವ ಮೋಟಾರು ಪುಟ್ಟದಾಗಿದ್ದರೂ ಸಾಕು. ಬಿಸಿಯಾಗುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ನೀವೇ ಯೋಚಿಸಿ. ಒಂದು ಭಾರವಾದ ಮೂಟೆಯನ್ನು ಒಂದು ಕ್ಷಣ ಎತ್ತಿ ಇಡಬಲ್ಲಿರಿ, ದಿನವಿಡೀ ಹೊತ್ತುಕೊಂಡು ತಿರುಗಬಲ್ಲಿರಾ?

ಕೊಟ್ಟಿಗೆಯಲ್ಲಿ ಹುಟ್ಟಿದ ಕಿಡಿ

ಕೆಲಸದ ನಂತರದ ಬಿಡುವಿನ ವೇಳೆಯಲ್ಲಿ ಕೆಟರಿಂಗ್ ಮತ್ತು ಗೆಳೆಯರು ಎಡ್ವರ್ಡ್ ಡೀಡ್ಸ್ ಎಂಬವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸೇರುತ್ತಿದ್ದರು. ಆಗ ತಾನೇ ಬರುತ್ತಿದ್ದ ಮೋಟಾರು ಕಾರುಗಳನ್ನು ಹೇಗೆ ಸುಧಾರಿಸಬಹುದು ಎಂಬುದೇ ಅವರ ಯೋಚನೆ. 1909ರಲ್ಲಿ ಅವರು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿಯನ್ನು ಆರಂಭಿಸಿದರು. ಡೆಲ್ಕೊ ಎಂಬುದು ಇದರ ಚಿಕ್ಕ ಹೆಸರು.

ಪೆಟ್ರೋಲ್ ಎಂಜಿನ್ ನಡೆಯುವುದು ಹೇಗೆ? ಸಿಲಿಂಡರ್ ಒಳಗೆ ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣ ಬರುತ್ತದೆ. ಕೊಂತ, ಅಂದರೆ ಪಿಸ್ಟನ್, ಅದನ್ನು ಒತ್ತುತ್ತದೆ. ಸರಿಯಾದ ಕ್ಷಣದಲ್ಲಿ ಒಂದು ಕಿಡಿ ಹಾರಿದರೆ ಮಿಶ್ರಣ ಉರಿದು ಪಿಸ್ಟನ್ನನ್ನು ತಳ್ಳುತ್ತದೆ. ಕಿಡಿ ತಡವಾದರೆ ಶಕ್ತಿ ಕಡಿಮೆ. ತೀರ ಮೊದಲೇ ಬಂದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಆಗಿನ ಹಲವು ಕಾರುಗಳಲ್ಲಿ ಒಂದರ ಹಿಂದೊಂದು ಕಿಡಿಗಳ ಸುರಿಮಳೆಯಾಗುತ್ತಿತ್ತು. ಇದರಿಂದ ವಿದ್ಯುತ್ಕೋಶಗಳು ಬೇಗ ಬರಿದಾಗುತ್ತಿದ್ದವು. ಬೇಕಾದ ಕ್ಷಣಕ್ಕೆ ಒಂದೇ ಒಂದು ಬಲವಾದ ಕಿಡಿ ಬರುವಂತೆ ಕೆಟರಿಂಗ್ ವ್ಯವಸ್ಥೆ ಮಾಡಿದರು. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಳಕೆಗೆ ಬಂತು.

ಮುಂದೆ ದಶಕಗಳ ಕಾಲ ಕಾರುಗಳಲ್ಲಿ ಬಳಕೆಯಲ್ಲಿದ್ದ ಈ ವ್ಯವಸ್ಥೆಯ ಭಾಗಗಳು ಇವು:

1. ಬ್ಯಾಟರಿ: ಹಳೆಯ ಕಾರುಗಳಲ್ಲಿ ಹೆಚ್ಚಾಗಿ 6 ವೋಲ್ಟಿನದು.

2. ಕಾಯಿಲ್: ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ಸುರುಳಿಗಳು. ಒಂದರಲ್ಲಿ ಕೆಲವು ನೂರು ಸುತ್ತು, ಇನ್ನೊಂದರಲ್ಲಿ ಹಲವು ಸಾವಿರ ಸುತ್ತು.

3. ಪಾಯಿಂಟ್: ತೆರೆದು ಮುಚ್ಚುವ ಒಂದು ಪುಟ್ಟ ಸ್ವಿಚ್. ನಮ್ಮ ಮೆಕ್ಯಾನಿಕ್‌ಗಳು ಇದನ್ನು ಸಿ.ಬಿ. ಪಾಯಿಂಟ್ ಎನ್ನುತ್ತಾರೆ.

4. ಕಂಡೆನ್ಸರ್ ಅಥವಾ ಧಾರಕ: ಪಾಯಿಂಟ್ ತೆರೆದಾಗ ಅಲ್ಲಿಯೇ ಕಿಡಿ ಹಾರಿ ಅದು ಸುಟ್ಟುಹೋಗದಂತೆ ಕಾಯುತ್ತದೆ.

5. ಡಿಸ್ಟ್ರಿಬ್ಯೂಟರ್: ಕಿಡಿಯ ಸರದಿ ಯಾವ ಸಿಲಿಂಡರಿನದೋ ಅಲ್ಲಿಗೆ ವಿದ್ಯುತ್ತನ್ನು ಕಳುಹಿಸುತ್ತದೆ.

6. ಸ್ಪಾರ್ಕ್ ಪ್ಲಗ್: ಕಿಡಿ ಹಾರುವ ಸ್ಥಳ.

ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ವಿದ್ಯುತ್ತು ಕಡಿಮೆ ಸುತ್ತಿನ ಸುರುಳಿಯಲ್ಲಿ ಹರಿದು ಕಾಯಿಲ್ ಅಯಸ್ಕಾಂತವಾಗುತ್ತದೆ. ಪಾಯಿಂಟ್ ಫಕ್ಕನೆ ತೆರೆದಾಗ ಆ ಕಾಂತಬಲ ಒಮ್ಮೆಲೇ ಕುಸಿಯುತ್ತದೆ. ಆಗ ಸಾವಿರಾರು ಸುತ್ತಿನ ಸುರುಳಿಯಲ್ಲಿ 10,000 ವೋಲ್ಟಿಗೂ ಹೆಚ್ಚಿನ ವಿದ್ಯುತ್ತು ಹುಟ್ಟಿ ಪ್ಲಗ್‌ನಲ್ಲಿ ಕಿಡಿಯಾಗುತ್ತದೆ. ಬರಿಯ 6 ವೋಲ್ಟಿನಿಂದ ಇಷ್ಟೆಲ್ಲ!

ಇನ್ನೊಂದು ಲೆಕ್ಕ ಮಾಡೋಣ. ಸಾಮಾನ್ಯ ಕಾರಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ನಾಲ್ಕು ಸಿಲಿಂಡರ್ ಇದ್ದರೆ ಒಂದು ಸುತ್ತಿಗೆ ಎರಡು ಕಿಡಿ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಎಷ್ಟು ಕಿಡಿ? 4,000.

ಮುರಿಯುತ್ತಿದ್ದ ಕೈಗಳು

ಆಗಿನ ಕಾರುಗಳನ್ನು ಚಾಲೂ ಮಾಡಲು ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹೊಡೆಯಬೇಕಿತ್ತು. ನಿಮ್ಮ ಊರಿನ ಹಿರಿಯ ಚಾಲಕರನ್ನು ಕೇಳಿ, ಹಳೆಯ ಲಾರಿಗಳಿಗೆ ಹ್ಯಾಂಡಲ್ ಹೊಡೆದ ಕಥೆ ಹೇಳಿಯಾರು. ಎಂಜಿನ್ ಹಿಂದಕ್ಕೆ ಒದೆದರೆ ಹ್ಯಾಂಡಲ್ ರಪ್ಪನೆ ತಿರುಗಿ ಕೈ ಮುರಿಯುತ್ತಿತ್ತು. ಎಷ್ಟೋ ಜನ ಹೀಗೆ ಗಾಯಗೊಂಡರು.

ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಅವರಿಗೆ ಈ ಅಪಾಯ ತಪ್ಪಿಸಬೇಕು ಎಂಬ ಆಸೆ. ವಿದ್ಯುತ್ ಮೋಟಾರಿನಿಂದ ಎಂಜಿನ್ ತಿರುಗಿಸಬೇಕಾದರೆ ಬಹಳ ದೊಡ್ಡ ಮೋಟಾರು ಬೇಕು, ಅದನ್ನು ಕಾರಿನಲ್ಲಿ ಇಡುವುದು ಆಗದ ಮಾತು ಎಂದು ಹಲವು ತಜ್ಞರು ತಿಳಿದಿದ್ದರು. ಆದರೆ ಕೆಟರಿಂಗ್ ಅವರಿಗೆ ಹಣ ಎಣಿಸುವ ಯಂತ್ರದ ಪಾಠ ನೆನಪಿತ್ತು. ಎಂಜಿನ್ ಚಾಲೂ ಆಗಲು ಬೇಕಾದದ್ದು ಕೆಲವು ಕ್ಷಣಗಳ ಶಕ್ತಿ ಮಾತ್ರ. ಪುಟ್ಟ ಮೋಟಾರೇ ಸಾಕು!

1911ರ ಫೆಬ್ರವರಿಯಲ್ಲಿ ಅವರ ಸ್ವಯಂಚಾಲಕ, ಅಂದರೆ ಸೆಲ್ಫ್ ಸ್ಟಾರ್ಟರ್, ಕ್ಯಾಡಿಲಾಕ್ ಕಂಪನಿಗೆ ತಲುಪಿತು. 1912ರ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂತು. ಒಂದೇ ಯಂತ್ರ ಮೊದಲು ಮೋಟಾರಾಗಿ ಎಂಜಿನ್ನನ್ನು ತಿರುಗಿಸುತ್ತಿತ್ತು. ಎಂಜಿನ್ ಚಾಲೂ ಆದ ಮೇಲೆ ಅದೇ ಯಂತ್ರ ಡೈನಮೊ ಆಗಿ ಬ್ಯಾಟರಿಯನ್ನು ತುಂಬುತ್ತಿತ್ತು. ದೀಪಗಳಿಗೂ ಕಿಡಿಗೂ ಅದೇ ವಿದ್ಯುತ್ತು. ಮೈಬಲ ಇಲ್ಲದವರೂ ಈಗ ಒಬ್ಬರೇ ಕಾರು ಚಾಲೂ ಮಾಡಿಕೊಂಡು ಹೋಗಬಹುದಾಯಿತು.

ಮೊದಲ ದೂರು: ಚಟಪಟ ಸದ್ದು

ಈಗ ಕಾರಿನಲ್ಲಿ ವಿದ್ಯುತ್ತು ಇತ್ತು. ಅದರಿಂದ ರೇಡಿಯೋವನ್ನೂ ನಡೆಸಬಾರದೇಕೆ? 1920ರ ದಶಕದಲ್ಲಿ ಕೆಲವರು ಪ್ರಯತ್ನಿಸಿದರು. ಎಂಜಿನ್ ನಿಲ್ಲಿಸಿದಾಗ ಹಾಡು ಚೆನ್ನಾಗಿ ಕೇಳುತ್ತಿತ್ತು. ಚಾಲೂ ಮಾಡಿದರೆ ಚಟಪಟ ಸದ್ದು ಶುರು! ಈ ದೂರು ನಿಜವಾದದ್ದೇ. ಆ ಸದ್ದಿಗೆ ಮುಖ್ಯ ಕಾರಣ ಕೆಟರಿಂಗ್ ಅವರ ಕಿಡಿ. ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವ ತಂತಿ ರೇಡಿಯೋ ನಿಲಯದ ಏರಿಯಲ್ಲಿನಂತೆ ತರಂಗಗಳನ್ನು ಹರಡುತ್ತಿತ್ತು.

ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಮತ್ತು ಅವರ ಸಂಗಡಿಗರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. 1930ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ರೇಡಿಯೋ ತಯಾರಕರ ಸಮ್ಮೇಳನ ನಡೆಯಿತು. ಗ್ಯಾಲ್ವಿನ್ ಅವರಿಗೆ ಒಳಗೆ ಮಳಿಗೆ ಇರಲಿಲ್ಲ. ಅವರು ತಮ್ಮ ಸ್ಟೂಡ್‌ಬೇಕರ್ ಕಾರನ್ನು ಹೊರಗೆ ನಿಲ್ಲಿಸಿ, ಅದರೊಳಗಿನ ರೇಡಿಯೋ ಹಾಕಿ, ಹೋಗಿ ಬರುವವರಿಗೆ ಕೇಳಿಸಿದರು. ಅದಕ್ಕೆ ಇಟ್ಟ ಹೆಸರು ಮೋಟೊರೋಲ. ಮುಂದೆ 1947ರಲ್ಲಿ ಕಂಪನಿಗೂ ಅದೇ ಹೆಸರಾಯಿತು. ಡೆಲ್ಕೊ ಹೆಸರಿನ ಕಾರು ರೇಡಿಯೋಗಳೂ 1936ರಿಂದ ಬಂದವು.

ಸದ್ದನ್ನು ಅಡಗಿಸಿದ್ದು ಹೇಗೆ? ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟರೆ ಅದು ಬಹಳ ಹೊತ್ತು ಹಿಂದೆ ಮುಂದೆ ತೂಗುತ್ತದೆ. ಕೂತವರು ಕಾಲನ್ನು ನೆಲಕ್ಕೆ ಉಜ್ಜಿದರೆ ಬೇಗ ನಿಲ್ಲುತ್ತದೆ. ಕಿಡಿ ಹಾರಿದಾಗ ತಂತಿಯಲ್ಲಿ ವಿದ್ಯುತ್ತು ಇದೇ ರೀತಿ ಅತಿ ವೇಗವಾಗಿ ಹಿಂದೆ ಮುಂದೆ ತೂಗುತ್ತದೆ. ಅದರಿಂದಲೇ ತರಂಗಗಳು ಹುಟ್ಟುತ್ತವೆ. ತಂತಿಯಲ್ಲಿ ಸುಮಾರು 10,000 ಓಮ್‌ನ ಒಂದು ರೋಧಕ ಸೇರಿಸಿದರೆ ಅದು ನೆಲಕ್ಕೆ ಉಜ್ಜಿದ ಕಾಲಿನಂತೆ ಕೆಲಸ ಮಾಡುತ್ತದೆ. ತೂಗಾಟ ನಿಲ್ಲುತ್ತದೆ, ಎಂಜಿನ್‌ಗೆ ಬೇಕಾದ ಕಿಡಿ ಉಳಿಯುತ್ತದೆ.

ಡೈನಮೊದಲ್ಲಿ ಕಾರ್ಬನ್ ಬ್ರಷ್‌ಗಳು ಉಜ್ಜುವ ಕಡೆಯೂ ಸಣ್ಣ ಕಿಡಿಗಳು ಹಾರುತ್ತವೆ. ಅಲ್ಲಿಗೆ ಒಂದು ಕಂಡೆನ್ಸರ್ ಜೋಡಿಸಿದರು. ಬಾನೆಟ್ ಮತ್ತು ಕಾರಿನ ಮೈಯನ್ನು ಹೆಣೆದ ತಾಮ್ರದ ಪಟ್ಟಿಯಿಂದ ಬೆಸೆದರು. ಆಗ ಎಂಜಿನ್ ಸುತ್ತಲಿನ ಲೋಹವೇ ಪಂಜರವಾಗಿ ತರಂಗಗಳನ್ನು ಒಳಗೇ ತಡೆಯುತ್ತದೆ. ರೇಡಿಯೋದ ಏರಿಯಲ್ಲನ್ನು ಎಂಜಿನ್ನಿನಿಂದ ದೂರ ಇಟ್ಟರು.

ಹಳೆಯ ಕಾರುಗಳನ್ನು ಜೋಪಾನ ಮಾಡಿಕೊಂಡು ಬಂದವರು ಇಂದಿಗೂ ಕಿವಿಯಿಂದಲೇ ಪತ್ತೇದಾರಿಕೆ ಮಾಡುತ್ತಾರೆ. ಎಂಜಿನ್ ವೇಗ ಹೆಚ್ಚಿದಂತೆ ಚಟಪಟ ಹೆಚ್ಚಿದರೆ ಅದು ಪ್ಲಗ್‌ನ ಕಿಡಿ. ಸಿಳ್ಳಿನಂತೆ ಕುಂಯ್‌ಗುಟ್ಟಿದರೆ ಡೈನಮೊ. ಎಂಜಿನ್ ನಿಲ್ಲಿಸಿ ಕಾರನ್ನು ಉರುಳಲು ಬಿಟ್ಟಾಗಲೂ ಸದ್ದು ಬಂದರೆ, ತಿರುಗುವ ಚಕ್ರಗಳಲ್ಲಿ ಸೇರಿದ ಸ್ಥಿರ ವಿದ್ಯುತ್ತು.

ಕಾರಿನ ಕಿಡಿ ಪಕ್ಕದ ಮನೆಯ ರೇಡಿಯೋಗೂ ತೊಂದರೆ ಕೊಡುತ್ತದಲ್ಲವೇ? ಇಂಥ ತೊಂದರೆಗಳಿಗೆ ಮಿತಿ ಹಾಕಲು 1934ರಲ್ಲಿ ಒಂದು ಅಂತರರಾಷ್ಟ್ರೀಯ ಸಮಿತಿಯೇ ರಚನೆಯಾಯಿತು. ಈಗಿನ ಅನೇಕ ಸ್ಪಾರ್ಕ್ ಪ್ಲಗ್‌ಗಳ ಒಳಗೇ ರೋಧಕ ಇರುತ್ತದೆ. ಸದ್ದು ಹುಟ್ಟುವ ಜಾಗದಲ್ಲಿಯೇ ಅದನ್ನು ಅಡಗಿಸಿದ್ದರಿಂದ ಕಾರಿನವರಿಗೂ ಒಳ್ಳೆಯದಾಯಿತು, ನೆರೆಯವರಿಗೂ ಒಳ್ಳೆಯದಾಯಿತು.

ಎರಡನೆಯ ದೂರು: ಟಕಟಕ ಸದ್ದು

ಇದು ರೇಡಿಯೋಗಿಂತ ಮೊದಲೇ ಬಂದ ದೂರು. ಏರು ದಾರಿಯಲ್ಲಿ ಎಂಜಿನ್ ಒಳಗೆ ಸುತ್ತಿಗೆಯಲ್ಲಿ ಬಡಿದಂತೆ ಟಕಟಕ ಸದ್ದು ಬರುತ್ತಿತ್ತು. ಇದಕ್ಕೆ ನಾಕಿಂಗ್ ಎನ್ನುತ್ತಾರೆ. ಕೆಟರಿಂಗ್ ಅವರ ಕಿಡಿಯೇ ಇದಕ್ಕೆ ಕಾರಣ ಎಂದು ಜನ ದೂರಿದರು. ನಿಜ ತಿಳಿಯಲು ಕೆಟರಿಂಗ್ 1916ರಲ್ಲಿ ಥಾಮಸ್ ಮಿಡ್‌ಗ್ಲಿ ಎಂಬ ತರುಣ ಎಂಜಿನಿಯರನ್ನು ನೇಮಿಸಿದರು. ಕಿಡಿಯದ್ದು ತಪ್ಪಿಲ್ಲ ಎಂದು ಪ್ರಯೋಗಗಳು ತೋರಿಸಿದವು. ಕಿಡಿ ಹಾರಿದ ನಂತರ, ಇನ್ನೂ ಉರಿಯದೆ ಉಳಿದ ಇಂಧನ ತಾನಾಗಿಯೇ ಒಮ್ಮೆಲೇ ಸಿಡಿಯುವುದರಿಂದ ಆ ಸದ್ದು ಬರುತ್ತಿತ್ತು.

ಇಂಧನಕ್ಕೆ ಏನು ಬೆರೆಸಿದರೆ ಇದು ನಿಂತೀತು? ಹಿಮದ ನಡುವೆಯೂ ಹೂ ಬಿಡುವ ಒಂದು ಗಿಡದ ಎಲೆಯ ಹಿಂಬದಿ ಕೆಂಪಗಿರುವುದು ಕೆಟರಿಂಗ್ ಅವರಿಗೆ ನೆನಪಾಯಿತು. ಕೆಂಪು ಬಣ್ಣ ಶಾಖ ಹೀರಲು ನೆರವಾಗುತ್ತದೆಯೋ ಏನೋ ಎಂದು ಊಹಿಸಿದರು. ಕೆಂಪು ಬಣ್ಣ ಸಿಗದೆ ಮಿಡ್‌ಗ್ಲಿ ಅಯೊಡಿನ್ ಬೆರೆಸಿದರು. ಸದ್ದು ಕಡಿಮೆಯಾಯಿತು! ಆಮೇಲೆ ನಿಜವಾದ ಕೆಂಪು ಬಣ್ಣಗಳನ್ನು ತಂದು ಬೆರೆಸಿದರೆ ಏನೂ ಆಗಲಿಲ್ಲ. ಊಹೆ ತಪ್ಪಾಗಿತ್ತು. ಕೆಲಸ ಮಾಡಿದ್ದು ಬಣ್ಣವಲ್ಲ, ಅಯೊಡಿನ್. ಆದರೆ ಅದು ದುಬಾರಿ.

ಹುಡುಕಾಟ ವರ್ಷಗಟ್ಟಲೆ ನಡೆಯಿತು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಬೆರೆಸಿದಾಗ ಸದ್ದು ಪೂರ್ತಿ ನಿಂತಿತು. ಆಲ್ಕೋಹಾಲ್ ಬೆರೆಸಿದರೂ ಸದ್ದು ಕಡಿಮೆಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು. ಸೀಸದ ಸಂಯುಕ್ತ ಚೂರು ಸಾಕು, ಲಾಭವೂ ಹೆಚ್ಚು. 1923ರಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂತು.

ಸೀಸ ವಿಷ ಎಂಬುದು ಹೊಸ ಸಂಗತಿಯಾಗಿರಲಿಲ್ಲ. 1924ರಲ್ಲಿ ನ್ಯೂಜೆರ್ಸಿಯ ಒಂದು ಕಾರ್ಖಾನೆಯಲ್ಲಿ ಈ ಸಂಯುಕ್ತ ತಯಾರಿಸುತ್ತಿದ್ದ ಐವರು ಕೆಲಸಗಾರರು ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ 1925ರಲ್ಲಿ ಇದರ ವಿರುದ್ಧ ಎಚ್ಚರಿಸಿದರು. ಸ್ವಲ್ಪ ಕಾಲ ಮಾರಾಟ ನಿಂತಿತು, ಮತ್ತೆ ಮುಂದುವರಿಯಿತು. ಕೆಟರಿಂಗ್ ಅದನ್ನು ಸಮರ್ಥಿಸುತ್ತಲೇ ಬಂದರು. ಹೊಗೆಯೊಡನೆ ಹೊರಬಂದ ಸೀಸ ಗಾಳಿ, ಮಣ್ಣು, ಧೂಳಿನಲ್ಲಿ ಬೆರೆಯಿತು. ಸೀಸ ಮೈಗೆ ಸೇರಿದರೆ ಮಕ್ಕಳ ಮೆದುಳಿನ ಬೆಳವಣಿಗೆ ಕುಂಠಿತವಾಗುತ್ತದೆ, ಕಲಿಯುವ ಶಕ್ತಿ ಕುಗ್ಗುತ್ತದೆ. ಅಮೆರಿಕ 1996ರಲ್ಲಿ ರಸ್ತೆ ವಾಹನಗಳಿಗೆ ಈ ಪೆಟ್ರೋಲನ್ನು ನಿಷೇಧಿಸಿತು. ಭಾರತದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂದದ್ದು 2000ದ ಫೆಬ್ರವರಿಯಲ್ಲಿ. ಕಡೆಯದಾಗಿ ಅಲ್ಜೀರಿಯ 2021ರಲ್ಲಿ ಕಾರುಗಳಿಗೆ ಇದನ್ನು ನಿಲ್ಲಿಸಿತು. ಮೊದಲ ಮಾರಾಟದಿಂದ ಅಲ್ಲಿಗೆ 98 ವರ್ಷ!

ಕೆಟರಿಂಗ್ ಅವರನ್ನು ಹೇಗೆ ನೆನೆಯೋಣ?

ಕೆಟರಿಂಗ್ 1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಸಂಸ್ಥೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ನೂರಾ ಎಂಬತ್ತಕ್ಕೂ ಹೆಚ್ಚು ಪೇಟೆಂಟ್‌ಗಳು ಅವರ ಹೆಸರಿನಲ್ಲಿವೆ. ನ್ಯೂಯಾರ್ಕ್‌ನಲ್ಲಿ 1945ರಲ್ಲಿ ಆರಂಭವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗೆ ಅವರ ಹೆಸರೂ ಸೇರಿದೆ. 1958ರ ನವೆಂಬರ್ 25ರಂದು ಅವರು ತೀರಿಕೊಂಡರು.

ಅವರ ಸ್ಟಾರ್ಟರ್ ಎಷ್ಟೋ ಕೈಗಳನ್ನು ಉಳಿಸಿತು. ಅವರ ಮೇಲ್ವಿಚಾರಣೆಯಲ್ಲಿ ಬಂದ ಸೀಸದ ಪೆಟ್ರೋಲ್ ಎಷ್ಟೋ ಮಕ್ಕಳಿಗೆ ಕೇಡು ಮಾಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವಂತಿಲ್ಲ. ರೇಡಿಯೋದ ಸದ್ದನ್ನು ಅಡಗಿಸಿದ ರೋಧಕ ತಾನಿದ್ದಲ್ಲೇ ಇದ್ದು ಕೆಲಸ ಮುಗಿಸಿತು. ಎಂಜಿನ್ನಿನ ಸದ್ದನ್ನು ಅಡಗಿಸಿದ ಸೀಸ ಹೊಗೆಯ ಕೊಳವೆಯಿಂದ ಹೊರಬಿದ್ದು ಊರೆಲ್ಲ ಹರಡಿತು. ಮುಂದೆ ನೀವೂ ಏನಾದರೂ ಹೊಸದನ್ನು ಕಂಡುಹಿಡಿದಾಗ ಒಂದು ಪ್ರಶ್ನೆಯನ್ನು ಕೇಳಲು ಮರೆಯಬೇಡಿ: ಇದು ಕೆಲಸ ಮುಗಿಸಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಮಾಡಿ ನೋಡಿ

ಮೀಡಿಯಂ ವೇವ್ ಇರುವ ಒಂದು ರೇಡಿಯೋ ತನ್ನಿ. ಯಾವ ನಿಲಯವೂ ಇಲ್ಲದ ಕಡೆಗೆ ಮುಳ್ಳನ್ನು ತಿರುಗಿಸಿ. ಶಿಕ್ಷಕರ ಅಥವಾ ಹಿರಿಯರ ಎದುರಿನಲ್ಲಿ, ಒಲೆ ಮತ್ತು ಗ್ಯಾಸ್‌ನಿಂದ ದೂರದಲ್ಲಿ, ಕಿಡಿ ಹಾರಿಸುವ ಅಡುಗೆಮನೆಯ ಗ್ಯಾಸ್ ಲೈಟರನ್ನು ರೇಡಿಯೋ ಬಳಿ ಒತ್ತಿ. ಚಟ್ ಎಂಬ ಸದ್ದು ಕೇಳಿತೇ? ಲೈಟರನ್ನು ದೂರ ಒಯ್ಯುತ್ತಾ ಸದ್ದು ಎಲ್ಲಿಯವರೆಗೆ ಕೇಳುತ್ತದೆ ಎಂದು ಅಳೆಯಿರಿ. ಈಗ ಎಫ್.ಎಂ. ಹಾಕಿ ಅದನ್ನೇ ಮಾಡಿ. ಸದ್ದು ಕಡಿಮೆ ಏಕೆ ಎಂದು ತರಗತಿಯಲ್ಲಿ ಚರ್ಚಿಸಿ. ಸುಳಿವು: ಮೀಡಿಯಂ ವೇವ್‌ನಲ್ಲಿ ಹಾಡು ಅಡಗಿರುವುದು ತರಂಗದ ಎತ್ತರದ ಏರಿಳಿತದಲ್ಲಿ, ಎಫ್.ಎಂ.ನಲ್ಲಿ ಆವರ್ತಾಂಕದ ಏರಿಳಿತದಲ್ಲಿ. ಕಿಡಿ ಹೆಚ್ಚಾಗಿ ಕೆಡಿಸುವುದು ಎತ್ತರವನ್ನು.

ಎಚ್ಚರಿಕೆ

ಬೈಕ್ ಅಥವಾ ಕಾರು ಚಾಲೂ ಇರುವಾಗ ಪ್ಲಗ್ ಮತ್ತು ಅದರ ತಂತಿಯನ್ನು ಮುಟ್ಟಬೇಡಿ. ವಾಹನಗಳ ಹಳೆಯ ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಇರುತ್ತವೆ. ಅದನ್ನು ಒಡೆಯಬೇಡಿ, ಅದರೊಡನೆ ಆಡಬೇಡಿ.